ದೀರ್ಘಕಾಲದ ವಸಡು ರೋಗ: ನಿಧಾನವಾಗಿ ಬಿಡುಗಡೆಯಾಗುವ ಗಿಡಮೂಲಿಕೆ ಔಷಧಗಳ ಕುರಿತು ಸಾರ್ವಜನಿಕ ಮಾಹಿತಿ

ವಸಡಿನಲ್ಲಿ ರಕ್ತ ಒಸರುವುದು, ಬಾಯಿಯ ದುರ್ವಾಸನೆ, ಹಲ್ಲು ಅಲುಗಾಡುವುದು ಮುಂತಾದ ತೊಂದರೆಗಳಿಗಾಗಿ ದಂತ ಚಿಕಿತ್ಸಾ ವಿಭಾಗಗಳಿಗೆ ಬರುವ ಸಾರ್ವಜನಿಕರು ವಸಡಿನೊಳಗೆ ಇಡುವ ಅರಿಶಿನದ ಜೆಲ್, ಬೇವಿನ ಚಿಪ್, ಲೋಳೆಸರದ ಜೆಲ್ ಮೊದಲಾದ ಔಷಧಗಳ ಬಗ್ಗೆ ವಿಚಾರಿಸುವುದುಂಟು. ಸದರಿ ಔಷಧಗಳು ಯಾವುವು, ಅವು ಹೇಗೆ ಕೆಲಸ ಮಾಡುತ್ತವೆ, ಇದುವರೆಗಿನ ಅಧ್ಯಯನಗಳಿಂದ ಏನು ತಿಳಿದುಬಂದಿದೆ ಹಾಗೂ ಚಿಕಿತ್ಸೆ ಬಯಸುವವರು ಯಾವ ಕ್ರಮ ಅನುಸರಿಸಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಈ ಔಷಧಗಳನ್ನು ಹಲ್ಲಿನ ಬೇರನ್ನು ಸ್ವಚ್ಛಗೊಳಿಸಿದ ನಂತರ, ಆ ಚಿಕಿತ್ಸೆಗೆ ಪೂರಕವಾಗಿ ಮಾತ್ರ ಇಡಲಾಗುತ್ತದೆ. ಸ್ವಚ್ಛಗೊಳಿಸುವಿಕೆಗೆ ಬದಲಾಗಿ ಇವುಗಳನ್ನು ಬಳಸುವಂತಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಕಾಲ ಕಳೆದವರು ಉಳಿಸಿಕೊಳ್ಳಬಹುದಾಗಿದ್ದ ಹಲ್ಲುಗಳನ್ನೇ ಕಳೆದುಕೊಳ್ಳುವ ಸಂಭವವಿರುವುದರಿಂದ ಇದನ್ನು ಆರಂಭದಲ್ಲಿಯೇ ತಿಳಿಸಲಾಗಿದೆ.

ರೋಗದ ಸ್ವರೂಪ

ಹಲ್ಲಿನ ಮೇಲೆ ದಿನವೂ ರೋಗಾಣುಗಳ ಮೆತ್ತನೆಯ ಪದರವೊಂದು ಕಟ್ಟಿಕೊಳ್ಳುತ್ತದೆ. ಇದನ್ನು ಪಾಚಿ ಅಥವಾ ಪ್ಲಾಕ್ ಎನ್ನುತ್ತಾರೆ. ಹಲ್ಲುಜ್ಜುವಾಗ ಹೋಗದೆ ಉಳಿದ ಪಾಚಿಯು ಜೊಲ್ಲಿನಲ್ಲಿರುವ ಖನಿಜಾಂಶಗಳನ್ನು ಹೀರಿ ಗಟ್ಟಿಯಾಗಿ ಹಲ್ಲಿಗೆ ಅಂಟಿಕೊಳ್ಳುತ್ತದೆ. ಈ ಗಟ್ಟಿ ಪದರವನ್ನು ಬ್ರಷ್ಷಿನಿಂದಾಗಲಿ, ಬೇವಿನ ಕಡ್ಡಿಯಿಂದಾಗಲಿ, ಉಪ್ಪು ಇದ್ದಿಲುಗಳಿಂದಾಗಲಿ ತೆಗೆಯಲು ಸಾಧ್ಯವಿಲ್ಲ.

ಮೊದಲ ಹಂತದಲ್ಲಿ ವಸಡು ಕೆಂಪಾಗಿ ಊದಿಕೊಂಡು, ಉಜ್ಜಿದಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಪಾಚಿಯನ್ನು ತೆಗೆದರೆ ವಸಡು ಪೂರ್ತಿ ಮೊದಲಿನಂತಾಗುತ್ತದೆ. ನಿರ್ಲಕ್ಷಿಸಿದಲ್ಲಿ ಕೆಲವರಲ್ಲಿ ಉರಿಯೂತವು ಕೆಳಗಿಳಿದು ಹಲ್ಲನ್ನು ಹಿಡಿದಿಟ್ಟಿರುವ ನಾರು ಮತ್ತು ಮೂಳೆಯನ್ನು ಕರಗಿಸತೊಡಗುತ್ತದೆ. ಇದನ್ನೇ ಪೆರಿಯೋಡಾಂಟೈಟಿಸ್ ಎಂದೂ, ಜನಸಾಮಾನ್ಯರ ಮಾತಿನಲ್ಲಿ ಪಯೋರಿಯ ಎಂದೂ ಕರೆಯುವುದು ರೂಢಿ. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ರೋಗವನ್ನು ಅಲ್ಲಿಗೇ ತಡೆಯುವುದು ಚಿಕಿತ್ಸೆಯ ಉದ್ದೇಶವಾಗಿರುತ್ತದೆ.

ಆರೋಗ್ಯವಂತ ವಸಡು ಮತ್ತು ಹಲ್ಲಿನ ನಡುವೆ 1 ರಿಂದ 3 ಮಿಲಿಮೀಟರ್ ಆಳದ ಸಣ್ಣ ಸಂದು ಇರುತ್ತದೆ. ರೋಗ ಬಂದಾಗ ಈ ಸಂದು 4, 5, 7 ಮಿಲಿಮೀಟರ್ ಅಥವಾ ಇನ್ನೂ ಆಳವಾಗುತ್ತದೆ. ಇದಕ್ಕೆ ದಂತವೈದ್ಯರು ಪಾಕೆಟ್ ಎನ್ನುತ್ತಾರೆ. ಅಳತೆಯ ಗೆರೆಗಳಿರುವ ತೆಳುವಾದ ಸಲಾಕೆಯಿಂದ ಪ್ರತಿ ಹಲ್ಲಿನ ಸುತ್ತ ಆರು ಕಡೆ ಇದರ ಆಳವನ್ನು ಅಳೆದು ದಾಖಲೆಯಲ್ಲಿ ಬರೆಯಲಾಗುತ್ತದೆ. ಮುಂದೆ ವಿವರಿಸುವ ಔಷಧಗಳನ್ನು ಇಡುವ ಸ್ಥಳ ಈ ಪಾಕೆಟ್.

ಈ ರೋಗದಲ್ಲಿ ಸಾಮಾನ್ಯವಾಗಿ ನೋವು ಇರುವುದಿಲ್ಲ. ಹಲ್ಲು ಹುಳುಕಾದರೆ ರಾತ್ರಿ ನಿದ್ದೆ ಬಾರದಷ್ಟು ನೋವು ಬಂದು ರೋಗಿ ಆಸ್ಪತ್ರೆಗೆ ಬಂದೇ ಬರುತ್ತಾರೆ. ವಸಡು ರೋಗ ಹಾಗಲ್ಲ, ಹಲ್ಲು ಅಲುಗಾಡುವವರೆಗೆ ಅನೇಕರಿಗೆ ಗೊತ್ತೇ ಆಗುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ವಸಡಿನ ರಕ್ತಸ್ರಾವವೂ ಕಡಿಮೆ ಕಾಣುವುದರಿಂದ ರೋಗ ಇನ್ನಷ್ಟು ಮರೆಯಾಗಿರುತ್ತದೆ.

ಹಳೆಯ ಚೀಟಿಗಳಲ್ಲಿ ಕ್ರಾನಿಕ್ ಪೆರಿಯೋಡಾಂಟೈಟಿಸ್ ಎಂದು ಬರೆದಿರುವುದನ್ನು ಕಾಣಬಹುದು. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ ಈಗ ರೋಗವನ್ನು 1 ರಿಂದ 4ರವರೆಗಿನ ಹಂತ ಹಾಗೂ ಎ, ಬಿ, ಸಿ ಎಂಬ ದರ್ಜೆಗಳಲ್ಲಿ ನಮೂದಿಸಲಾಗುತ್ತದೆ. ಚೀಟಿಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಬೇರೆ ರೋಗ ಬಂದಿದೆ ಎಂದು ಆತಂಕಪಡುವ ಅಗತ್ಯವಿಲ್ಲ.

ಔಷಧವನ್ನು ವಸಡಿನೊಳಗೆ ಇಡುವ ಕಾರಣ

ಬಾಯಿ ಮುಕ್ಕಳಿಸುವ ಔಷಧವು ಹಲ್ಲಿನ ಮೇಲ್ಭಾಗಕ್ಕೆ ತಾಗುತ್ತದೆಯೇ ಹೊರತು ಆಳವಾದ ಪಾಕೆಟ್‌ನ ತಳವನ್ನು ಮುಟ್ಟುವುದಿಲ್ಲ. ನುಂಗುವ ಆಂಟಿಬಯಾಟಿಕ್ ಮಾತ್ರೆಗಳು ದೇಹವೆಲ್ಲ ಸಂಚರಿಸಿ ವಸಡಿಗೆ ತಲುಪುವ ವೇಳೆಗೆ ಅಲ್ಪ ಪ್ರಮಾಣದಲ್ಲಿ ಉಳಿದಿರುತ್ತವೆ. ಹೊಟ್ಟೆಯ ತೊಂದರೆ, ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುವುದು ಇತ್ಯಾದಿ ಅಪಾಯಗಳೂ ಇವೆ. ಆದ್ದರಿಂದ ರೋಗ ಇರುವ ಜಾಗದಲ್ಲಿಯೇ ಔಷಧ ಇಡುವ ವಿಧಾನ ರೂಪುಗೊಂಡಿತು.

ಆದರೆ ಅಲ್ಲಿಯೂ ಒಂದು ತೊಡಕಿದೆ. ವಸಡಿನ ಸಂದಿನಿಂದ ಒಂದು ಬಗೆಯ ದ್ರವ ಸದಾ ಹೊರಕ್ಕೆ ಜಿನುಗುತ್ತಿರುತ್ತದೆ, ರೋಗವಿದ್ದಾಗ ಹೆಚ್ಚಾಗಿ ಜಿನುಗುತ್ತದೆ. 5 ಮಿಲಿಮೀಟರ್ ಆಳದ ಪಾಕೆಟ್‌ನಲ್ಲಿ ಈ ದ್ರವ ಗಂಟೆಗೆ ಸುಮಾರು 40 ಬಾರಿ ಬದಲಾಗುತ್ತದೆ ಎಂದು ಅಂದಾಜು ಮಾಡಲಾಗಿದೆ. ಒಳಗೆ ಹಾಕಿದ ಸಾಮಾನ್ಯ ದ್ರವರೂಪದ ಔಷಧದಲ್ಲಿ ಅರ್ಧದಷ್ಟು ಒಂದು ನಿಮಿಷದ ಸುಮಾರಿಗೆ ತೊಳೆದುಹೋಗುತ್ತದೆ. ಹೀಗೆ ತೊಳೆದುಹೋಗದಂತೆ ಔಷಧವನ್ನು ಯಾವುದಾದರೂ ಆಧಾರ ವಸ್ತುವಿನಲ್ಲಿ ಸೇರಿಸಿ, ಅದು ಕರಗುತ್ತ ಬಂದಂತೆ ಸ್ವಲ್ಪಸ್ವಲ್ಪವಾಗಿ ಹೊರಬರುವಂತೆ ಮಾಡುವುದೇ ನಿಧಾನ ಬಿಡುಗಡೆಯ ವಿಧಾನ.

ಅಮೆರಿಕದ ಮ್ಯಾಕ್ಸ್ ಗುಡ್‌ಸನ್ ಮತ್ತು ಸಹೋದ್ಯೋಗಿಗಳು 1979ರಲ್ಲಿ ಟೆಟ್ರಾಸೈಕ್ಲಿನ್ ತುಂಬಿದ ಟೊಳ್ಳು ನಾರುಗಳನ್ನು ವಸಡಿನೊಳಗೆ ಇಟ್ಟು ಈ ವಿಧಾನವನ್ನು ಪರಿಚಯಿಸಿದರು. 1998ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯು ಕ್ಲೋರ್‌ಹೆಕ್ಸಿಡಿನ್ ಚಿಪ್‌ಗೆ ಅನುಮತಿ ನೀಡಿತು. ಮಗುವಿನ ಉಗುರಿನಷ್ಟು ಚಿಕ್ಕದಾದ, ಜೆಲಾಟಿನ್‌ನಿಂದ ಮಾಡಿದ ಈ ಚಿಪ್‌ನಲ್ಲಿ 2.5 ಮಿಲಿಗ್ರಾಂ ಔಷಧವಿರುತ್ತದೆ. ಮೊದಲ 24 ಗಂಟೆಗಳಲ್ಲಿ ಸುಮಾರು ಶೇ. 40ರಷ್ಟು ಔಷಧ ಹೊರಬಂದು, ಉಳಿದದ್ದು 7 ರಿಂದ 10 ದಿನಗಳಲ್ಲಿ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬಿಡುಗಡೆಯಾಗುತ್ತದೆ. ಚಿಪ್ ತಾನಾಗಿ ಕರಗುವುದರಿಂದ ತೆಗೆಸಲು ಮತ್ತೆ ಬರಬೇಕಾಗಿಲ್ಲ. ಡಾಕ್ಸಿಸೈಕ್ಲಿನ್ ಜೆಲ್, ಮಿನೋಸೈಕ್ಲಿನ್‌ನ ಸೂಕ್ಷ್ಮ ಗುಳಿಗೆಗಳು ಅದೇ ಕಾಲದಲ್ಲಿ ಬಳಕೆಗೆ ಬಂದವು. ಗಿಡಮೂಲಿಕೆ ಔಷಧಗಳಿಗೂ ಬಹುಮಟ್ಟಿಗೆ ಇದೇ ಮಾದರಿಯನ್ನು ಅನುಸರಿಸಲಾಗಿದೆ.

ಗಿಡಮೂಲಿಕೆಗಳು ಮತ್ತು ಅವುಗಳ ಆಧಾರ ವಸ್ತು

ಅರಿಶಿನ, ಬೇವು, ಲೋಳೆಸರ, ತುಳಸಿ, ತ್ರಿಫಲ, ಹಸಿರು ಚಹಾ, ದಾಳಿಂಬೆ, ಒಂದೆಲಗ ಮೊದಲಾದವುಗಳ ಸಾರವನ್ನು ಈ ಉದ್ದೇಶಕ್ಕಾಗಿ ಪರೀಕ್ಷಿಸಲಾಗಿದೆ. ಇವುಗಳಲ್ಲಿ ಉರಿಯೂತ ಇಳಿಸುವ ಅಥವಾ ರೋಗಾಣುಗಳ ಬೆಳವಣಿಗೆ ತಡೆಯುವ ಗುಣ ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಆಂಟಿಬಯಾಟಿಕ್ ಬಳಕೆಯನ್ನು ತಗ್ಗಿಸಬಹುದು ಎಂಬುದು ಸಂಶೋಧಕರ ಆಸಕ್ತಿಗೆ ಮುಖ್ಯ ಕಾರಣ.

ಪ್ರಯೋಗಾಲಯದ ತಟ್ಟೆಯಲ್ಲಿ ಕೆಲಸ ಮಾಡಿದ ವಸ್ತುವನ್ನು ವಸಡಿನೊಳಗೆ ವಾರಗಟ್ಟಲೆ ನಿಲ್ಲಿಸುವುದು ಸುಲಭವಲ್ಲ. ಅರಿಶಿನವನ್ನೇ ಉದಾಹರಣೆಯಾಗಿ ನೋಡಬಹುದು. ಅದರ ಮುಖ್ಯ ಸತ್ವವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಬೆಳಕಿಗೆ ಹಾಗೂ ಕ್ಷಾರಗುಣಕ್ಕೆ ಬೇಗ ಕೆಡುತ್ತದೆ. ಅಡುಗೆ ಮನೆಯ ಅರಿಶಿನದ ಪುಡಿಯಲ್ಲಿ ಈ ಸತ್ವ ಸಾಮಾನ್ಯವಾಗಿ ಶೇ. 2 ರಿಂದ 5ರಷ್ಟು ಮಾತ್ರ ಇದ್ದು, ತಳಿ, ಮಣ್ಣು ಮತ್ತು ಒಣಗಿಸುವ ರೀತಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಒಂದು ತಂಡದ ಜೆಲ್‌ನಲ್ಲಿರುವ ಔಷಧದ ಪ್ರಮಾಣ ಇನ್ನೊಂದು ತಂಡದ ಜೆಲ್‌ನಲ್ಲಿ ಇಲ್ಲದೆ ಹೋಗುವುದು ಹೀಗೆ. ಬೇವು, ತ್ರಿಫಲಗಳ ಮಟ್ಟಿಗೂ ಈ ಮಾತು ಸಲ್ಲುತ್ತದೆ.

ಆಧಾರ ವಸ್ತುವಿನ ಆಯ್ಕೆಯೂ ಅಷ್ಟೇ ಮುಖ್ಯ. ಕೆಲವು ಜೆಲ್‌ಗಳು ತಂಪಾಗಿದ್ದಾಗ ನೀರಿನಂತಿದ್ದು, ದೇಹದ ಶಾಖಕ್ಕೆ ಗಟ್ಟಿಯಾಗುವ ಪೊಲಾಕ್ಸಮರ್ ಎಂಬ ವಸ್ತುವಿನಿಂದ ತಯಾರಾಗುತ್ತವೆ. ಮೊಂಡು ಸೂಜಿಯಿಂದ ಒಳಗೆ ಬಿಟ್ಟಾಗ ಪಾಕೆಟ್‌ನ ಆಕಾರಕ್ಕೆ ಹೊಂದಿಕೊಂಡು ನಿಲ್ಲುವುದು ಇವುಗಳ ಅನುಕೂಲ. ಚಿಪ್‌ಗಳನ್ನು ಜೆಲಾಟಿನ್, ಕೊಲ್ಯಾಜನ್ ಅಥವಾ ಕೈಟೋಸಾನ್‌ನಿಂದ ಮಾಡುತ್ತಾರೆ. ಜೆಲಾಟಿನ್‌ನ ಎಳೆಗಳನ್ನು ರಾಸಾಯನಿಕವಾಗಿ ಹೆಣೆದಷ್ಟೂ ಅದು ನಿಧಾನವಾಗಿ ಕರಗಿ, ಔಷಧವೂ ನಿಧಾನವಾಗಿ ಹೊರಬರುತ್ತದೆ. ಒಂದು ದಿನದೊಳಗೆ ಖಾಲಿಯಾಗುವ ಜೆಲ್‌ಗೂ ವಾರದವರೆಗೆ ನಿಲ್ಲುವ ಚಿಪ್‌ಗೂ ಬಹಳ ಅಂತರವಿರುವುದರಿಂದ, ಔಷಧ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ವೈದ್ಯರಲ್ಲಿ ಕೇಳಿ ತಿಳಿಯುವುದು ಸೂಕ್ತ.

ಗಿಡಮೂಲಿಕೆ ಎಂದ ಮಾತ್ರಕ್ಕೆ ಇಡೀ ಔಷಧ ಸಸ್ಯಮೂಲದ್ದೇ ಎಂದು ಭಾವಿಸುವಂತಿಲ್ಲ. ಜೆಲಾಟಿನ್ ಪ್ರಾಣಿಮೂಲದ್ದು. ಕೊಲ್ಯಾಜನ್ ಅನ್ನು ಮೀನು ಅಥವಾ ದನದಿಂದ ಪಡೆಯುವುದುಂಟು. ಕೈಟೋಸಾನ್ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ. ಆಹಾರ ಪದ್ಧತಿ ಅಥವಾ ಧಾರ್ಮಿಕ ಆಚರಣೆಯ ಕಾರಣದಿಂದ ಇವು ಬೇಡವೆನ್ನುವವರು ಹಾಗೂ ಮೀನು, ಸಿಗಡಿ ತಿಂದರೆ ಅಲರ್ಜಿಯಾಗುವವರು ಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ತಿಳಿಸತಕ್ಕದ್ದು.

ಅಧ್ಯಯನಗಳಿಂದ ತಿಳಿದುಬಂದಿರುವುದು

ಥಾಯ್ಲೆಂಡಿನ ಸಂಶೋಧಕರು ದಾಳಿಂಬೆ ಮತ್ತು ಒಂದೆಲಗದ ಸಾರವಿರುವ, ತಾನಾಗಿ ಕರಗುವ ಚಿಪ್‌ಗಳ ಬಗ್ಗೆ 2003 ಮತ್ತು 2005ರಲ್ಲಿ ವರದಿಗಳನ್ನು ಪ್ರಕಟಿಸಿದರು. ಪುಣೆಯಲ್ಲಿ 30 ರೋಗಿಗಳ ಮೇಲೆ ಶೇ. 2ರ ಅರಿಶಿನದ ಜೆಲ್ ಬಳಸಿ ನಡೆಸಿದ ಅಧ್ಯಯನವು 2011ರಲ್ಲಿ ಪ್ರಕಟವಾಯಿತು. ಬೇರು ಸ್ವಚ್ಛತೆಯೊಂದನ್ನೇ ಮಾಡಿದ ಜಾಗಕ್ಕಿಂತ ಜೆಲ್ ಸಹ ಇಟ್ಟ ಜಾಗದಲ್ಲಿ ಸುಧಾರಣೆ ಹೆಚ್ಚಿತ್ತು. ಆದರೆ ರೋಗಿಗಳನ್ನು ಗಮನಿಸಿದ್ದು 45 ದಿನಗಳವರೆಗೆ ಮಾತ್ರ. ಕರ್ಕ್ಯುಮಿನ್ ಸೇರಿಸಿದ ಕೊಲ್ಯಾಜನ್ ಅನ್ನು ಕ್ಲೋರ್‌ಹೆಕ್ಸಿಡಿನ್ ಚಿಪ್‌ನೊಂದಿಗೆ ಹೋಲಿಸಿದ, 2014ರಲ್ಲಿ ಪ್ರಕಟವಾದ ಇನ್ನೊಂದು ಭಾರತೀಯ ಅಧ್ಯಯನದಲ್ಲಿ ಎರಡರಿಂದಲೂ ಪ್ರಯೋಜನ ಕಂಡುಬಂದರೂ, ಆರು ತಿಂಗಳ ಕೊನೆಗೆ ಕ್ಲೋರ್‌ಹೆಕ್ಸಿಡಿನ್ ಮುಂದಿತ್ತು.

ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಯ ವಸಡು ಚಿಕಿತ್ಸಾ ವಿಭಾಗದಿಂದ ಪಾಕೆಟ್‌ನೊಳಗೆ ಇಡುವ ಹಲವು ಬಗೆಯ ಜೆಲ್‌ಗಳ ಅಧ್ಯಯನಗಳು ಹೊರಬಂದಿವೆ. ಟೈಪ್ 2 ಮಧುಮೇಹವಿರುವ ವಸಡು ರೋಗಿಗಳಲ್ಲಿ ಬೇರು ಸ್ವಚ್ಛತೆಯ ನಂತರ ಲೋಳೆಸರದ ಜೆಲ್ ಇಟ್ಟು, ಔಷಧವಿಲ್ಲದ ಜೆಲ್‌ನೊಂದಿಗೆ ಹೋಲಿಸಿದ ಅಧ್ಯಯನವು 2016ರಲ್ಲಿ ಪ್ರಕಟವಾಗಿದ್ದು, ಲೋಳೆಸರದ ಗುಂಪಿನಲ್ಲಿ ಪಾಕೆಟ್‌ನ ಆಳ ಹೆಚ್ಚು ಇಳಿದದ್ದು ದಾಖಲಾಗಿದೆ. ಮಧುಮೇಹಿಗಳಲ್ಲಿ ವಸಡು ರೋಗವೂ ಹೆಚ್ಚು, ಗುಣವಾಗುವುದೂ ನಿಧಾನ. ಆದುದರಿಂದ ಈ ಫಲಿತಾಂಶ ಗಮನಾರ್ಹ.

ಇವೆಲ್ಲವೂ ಉತ್ತೇಜನಕಾರಿ. ಆದಾಗ್ಯೂ ಇವುಗಳ ಮಿತಿಯನ್ನು ಸಾರ್ವಜನಿಕರು ಅರಿತಿರಬೇಕು. ಬಹುತೇಕ ಅಧ್ಯಯನಗಳಲ್ಲಿ ರೋಗಿಗಳ ಸಂಖ್ಯೆ ಕೆಲವು ಹತ್ತುಗಳಲ್ಲಿದೆ, ಅವಧಿ ಒಂದರಿಂದ ಆರು ತಿಂಗಳು. ಅನೇಕ ಕಡೆ ಒಂದೇ ಬಾಯಿಯ ಒಂದು ಬದಿಗೆ ಔಷಧ ಇಟ್ಟು ಇನ್ನೊಂದು ಬದಿಯನ್ನು ಹಾಗೆಯೇ ಬಿಟ್ಟು ಹೋಲಿಸಲಾಗಿದೆ. ಜೊಲ್ಲಿನ ಮೂಲಕ ಔಷಧ ಆ ಬದಿಗೂ ಹರಿದು ಹೋಗಬಹುದಾದ್ದರಿಂದ ಇಂತಹ ಹೋಲಿಕೆ ಪೂರ್ತಿ ಶುದ್ಧವಲ್ಲ. ಹಲ್ಲು ಉದುರುವುದು ವರ್ಷಗಳ ಅವಧಿಯಲ್ಲಿ ಆಗುವ ಸಂಗತಿ. ಆರು ತಿಂಗಳ ಅಳತೆಯಿಂದ ಹಲ್ಲು ಉಳಿಯಿತು ಎಂದು ಹೇಳಲಾಗದು.

ರೂಢಿಯಲ್ಲಿರುವ ಔಷಧಗಳಿಂದಲೂ ಸಿಗುವ ಹೆಚ್ಚುವರಿ ಪ್ರಯೋಜನ ಸಣ್ಣದೇ ಆಗಿದೆ. ಅಮೆರಿಕದ ದಂತವೈದ್ಯ ಸಂಘವು 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಬೇರು ಸ್ವಚ್ಛತೆಯೊಂದರಿಂದಲೇ ಹಲ್ಲಿಗೆ ವಸಡಿನ ಹಿಡಿತ ಸರಾಸರಿ ಅರ್ಧ ಮಿಲಿಮೀಟರಿನಷ್ಟು ಸುಧಾರಿಸುತ್ತದೆ, ಕ್ಲೋರ್‌ಹೆಕ್ಸಿಡಿನ್ ಚಿಪ್ ಸೇರಿಸಿದರೆ ಇನ್ನೂ 0.40 ಮಿಲಿಮೀಟರ್ ಕೂಡುತ್ತದೆ. ಯುರೋಪಿನ ವಸಡು ತಜ್ಞರ ಒಕ್ಕೂಟದ 2020ರ ಮಾರ್ಗಸೂಚಿಯು ಸಹ ಇಂತಹ ಚಿಪ್ ಅನ್ನು ಪೂರಕವಾಗಿ ಪರಿಗಣಿಸಬಹುದು ಎಂದಷ್ಟೇ ಹೇಳಿದೆ, ಎಲ್ಲರಿಗೂ ಇಡಬೇಕು ಎಂದು ಹೇಳಿಲ್ಲ. ದಶಕಗಳ ಅನುಭವವಿರುವ ಔಷಧದ ಸ್ಥಿತಿ ಹೀಗಿರುವಾಗ, ಗಿಡಮೂಲಿಕೆ ಚಿಪ್‌ನಿಂದ ಅಲುಗಾಡುವ ಹಲ್ಲು ಗಟ್ಟಿಯಾಗುತ್ತದೆ ಎಂಬ ಭರವಸೆ ನೀಡುವವರ ಮಾತನ್ನು ನಂಬಬಾರದು.

ಆಯುರ್ವೇದ ಗ್ರಂಥಗಳಲ್ಲಿ ವಸಡು ರೋಗ

ಈ ರೋಗ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಹಲ್ಲಿನ ಬುಡಕ್ಕೆ ಸಂಬಂಧಿಸಿದ 15 ರೋಗಗಳನ್ನು ಹೆಸರಿಸಲಾಗಿದೆ. ವಸಡಿನಿಂದ ರಕ್ತ ಒಸರುವ ಶೀತಾದ, ಕೀವು ರಕ್ತ ಸುರಿದು ಹಲ್ಲು ಅಲುಗಾಡುವ ದಂತವೇಷ್ಟ ಇವುಗಳಲ್ಲಿ ಸೇರಿವೆ. ದಂತವೇಷ್ಟದ ಚಿಕಿತ್ಸೆಯಲ್ಲಿ ಮೊದಲು ಕೆಟ್ಟ ರಕ್ತವನ್ನು ಹೊರತೆಗೆದು, ಅನಂತರ ಲೋಧ್ರ, ಪತ್ತಂಗ, ಜೇಷ್ಠಮಧು, ಅರಗು ಇವುಗಳ ಚೂರ್ಣವನ್ನು ಜೇನಿನೊಡನೆ ವಸಡಿಗೆ ಉಜ್ಜುವಂತೆ ಹೇಳಲಾಗಿದೆ. ಮೂಲಿಕೆಯನ್ನು ಹಚ್ಚುವುದಕ್ಕೆ ಮೊದಲು ರೋಗದ ಜಾಗವನ್ನು ಶುದ್ಧಿ ಮಾಡುವ ಕ್ರಮ ಅಲ್ಲಿಯೂ ಇದೆ ಎಂಬುದು ಗಮನಿಸತಕ್ಕ ಅಂಶ. ಮೂಲಿಕೆಯನ್ನೇ ನೆಚ್ಚಿ ಶುದ್ಧಿಯನ್ನು ಬಿಡುವುದಕ್ಕೆ ಹಳೆಯ ವೈದ್ಯದ ಆಧಾರವೂ ದೊರೆಯುವುದಿಲ್ಲ.

ಚಿಕಿತ್ಸೆ ಪಡೆಯುವ ಕ್ರಮ

ವಸಡು ರೋಗದ ಚಿಕಿತ್ಸೆ ಬಯಸುವವರು ಸಮೀಪದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದ ಹೊರರೋಗಿ ಚೀಟಿ ಪಡೆದು ತಪಾಸಣೆ ಮಾಡಿಸಿಕೊಳ್ಳಬಹುದು. ತಜ್ಞರ ಚಿಕಿತ್ಸೆ ಅಗತ್ಯವಿದ್ದಲ್ಲಿ ದಂತ ವೈದ್ಯಕೀಯ ಕಾಲೇಜುಗಳ ಪೆರಿಯೋಡಾಂಟಾಲಜಿ ವಿಭಾಗಕ್ಕೆ ಕಳುಹಿಸಲಾಗುತ್ತದೆ. ರಾಜ್ಯದಲ್ಲಿ ಬೆಂಗಳೂರು ಮತ್ತು ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಿವೆ. ಬರುವಾಗ ಗುರುತಿನ ಚೀಟಿ, ಪಡಿತರ ಚೀಟಿ, ಹಿಂದಿನ ಚಿಕಿತ್ಸೆಯ ದಾಖಲೆ, ಎಕ್ಸ್-ರೇ ಹಾಗೂ ಪ್ರತಿದಿನ ಸೇವಿಸುವ ಮಾತ್ರೆಗಳ ಚೀಟಿ ತರುವುದು ಒಳ್ಳೆಯದು. ಮಧುಮೇಹವಿರುವವರು ಇತ್ತೀಚಿನ ರಕ್ತ ಪರೀಕ್ಷೆಯ ವರದಿಯನ್ನು ತಪ್ಪದೆ ತರಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ಈ ವಿಷಯವನ್ನು ಮೊದಲೇ ತಿಳಿಸತಕ್ಕದ್ದು. ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಿ ಬರಬಾರದು.

ಪಾಕೆಟ್‌ಗಳನ್ನು ಅಳೆದು, ಎಕ್ಸ್-ರೇ ತೆಗೆದ ನಂತರ ಸ್ಕೇಲಿಂಗ್ ಮಾಡಲಾಗುತ್ತದೆ. ಜನರು ಇದನ್ನು ಹಲ್ಲು ಕ್ಲೀನಿಂಗ್ ಎನ್ನುತ್ತಾರೆ. ಆಳವಾದ ಕಡೆಗಳಲ್ಲಿ ಮರಗಟ್ಟುವ ಚುಚ್ಚುಮದ್ದು ನೀಡಿ ಬೇರಿನ ಮೇಲಿನ ಗಟ್ಟಿ ಪದರವನ್ನೂ ತೆಗೆಯಲಾಗುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ವಾಸ್ತವದಲ್ಲಿ ಮೂಳೆ ಮೊದಲೇ ಕರಗಿ ಹೋಗಿದ್ದು, ಹಲ್ಲುಗಳ ನಡುವೆ ಗಾರೆಯಂತೆ ತುಂಬಿಕೊಂಡಿದ್ದ ಪದರವೇ ಅವುಗಳನ್ನು ಒಂದಕ್ಕೊಂದು ಹಿಡಿದಿರುತ್ತದೆ. ಅದನ್ನು ತೆಗೆದಾಗ ಇದ್ದ ಸಡಿಲತೆ ಗೊತ್ತಾಗುತ್ತದೆ. ಊತ ಇಳಿದು ವಸಡು ಬಿಗಿಯಾದಂತೆ ಎಷ್ಟೋ ಹಲ್ಲುಗಳ ಅಲುಗಾಟ ಕಡಿಮೆಯಾಗುತ್ತದೆ. ಕೆಲವು ದಿನ ತಣ್ಣನೆಯ ನೀರು ಜುಮ್ಮೆನ್ನುವುದು ಸಹಜ.

ಸ್ವಚ್ಛತೆಯ ನಂತರ ಸುಮಾರು ಮೂರು ತಿಂಗಳಿಗೆ ಪಾಕೆಟ್‌ಗಳನ್ನು ಮತ್ತೆ ಅಳೆಯಲಾಗುತ್ತದೆ. ಬಹುಪಾಲು ಇಳಿದು, ಅಲ್ಲೊಂದು ಇಲ್ಲೊಂದು 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿನ ಪಾಕೆಟ್ ಉಳಿದಿದ್ದರೆ, ಔಷಧ ಇಡುವ ವಿಚಾರ ಅಂತಹ ಕಡೆ ಅರ್ಥಪೂರ್ಣ. ಬಾಯಿಯ ತುಂಬ ಆಳವಾದ ಪಾಕೆಟ್‌ಗಳಿದ್ದಲ್ಲಿ ಒಂದೊಂದಕ್ಕೂ ಚಿಪ್ ಇಡುವುದು ದುಬಾರಿಯೂ ಹೌದು, ಹೆಚ್ಚು ಫಲಕಾರಿಯೂ ಅಲ್ಲ. ಅಂತಹವರಿಗೆ ವಸಡನ್ನು ಬಿಡಿಸಿ ಬೇರನ್ನು ಸ್ವಚ್ಛಗೊಳಿಸುವ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಚಿಪ್ ಇಡುವ ಕೆಲಸಕ್ಕೆ ಕೆಲವೇ ನಿಮಿಷಗಳು ಸಾಕು. ಆ ಜಾಗವನ್ನು ಒಣಗಿಸಿ, ಚಿಮಟದಿಂದ ಚಿಪ್ ಅನ್ನು ಪಾಕೆಟ್‌ನ ತಳದವರೆಗೆ ಸರಿಸಲಾಗುತ್ತದೆ. ಮುಂದಿನ ಹತ್ತು ದಿನ ಆ ಜಾಗದಲ್ಲಿ ದಾರ ಅಥವಾ ಸಂದಿಯ ಬ್ರಷ್ ಬಳಸಬಾರದು. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಬೇಕು. ಸ್ವಲ್ಪ ಒತ್ತಿದಂತಹ ನೋವು ಒಂದೆರಡು ದಿನ ಇರಬಹುದು. ಊತ ಏರಿದರೆ, ಕೀವು ಬಂದರೆ, ಜ್ವರ ಕಾಣಿಸಿದರೆ ತಡಮಾಡದೆ ಬರಬೇಕು. ಕ್ಲೋರ್‌ಹೆಕ್ಸಿಡಿನ್ ಚಿಪ್ 48 ಗಂಟೆಯೊಳಗೆ ಕಳಚಿ ಬಿದ್ದರೆ ಹೊಸದನ್ನು ಇಡಲಾಗುತ್ತದೆ. ಏಳು ದಿನಗಳ ನಂತರ ಬಿದ್ದರೆ ಅದರ ಕೆಲಸ ಮುಗಿದಂತೆಯೇ. ಗಿಡಮೂಲಿಕೆ ಔಷಧ ಇಟ್ಟವರು ಈ ಬಗ್ಗೆ ಚಿಕಿತ್ಸೆ ನೀಡಿದ ವೈದ್ಯರು ಬರೆದುಕೊಟ್ಟ ಸೂಚನೆಯನ್ನೇ ಅನುಸರಿಸತಕ್ಕದ್ದು.

ಸಂಶೋಧನೆಯಲ್ಲಿ ಭಾಗವಹಿಸುವವರ ಗಮನಕ್ಕೆ

ಕಾಲೇಜು ಆಸ್ಪತ್ರೆಗಳಲ್ಲಿ ಗಿಡಮೂಲಿಕೆ ಜೆಲ್ ಅಥವಾ ಚಿಪ್ ಅನ್ನು ಸಂಶೋಧನೆಯ ಅಂಗವಾಗಿ ನೀಡುವುದುಂಟು. ಆಗ ರೋಗಿಗೆ ಔಷಧವಿರುವ ಜೆಲ್ ಸಿಗಬಹುದು, ಔಷಧವಿಲ್ಲದ ಜೆಲ್ ಕೂಡ ಸಿಗಬಹುದು. ಯಾವುದು ಸಿಗುತ್ತದೆಂಬುದು ಆಯ್ಕೆಯ ವಿಷಯವಲ್ಲ. ಆದುದರಿಂದ ಇದು ಚಿಕಿತ್ಸೆಯೋ ಸಂಶೋಧನೆಯೋ ಎಂದು ನೇರವಾಗಿ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ, ಕೇಳುವುದರಲ್ಲಿ ಸಂಕೋಚ ಬೇಡ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಗಳ ಪ್ರಕಾರ ಸಂಶೋಧನೆಗೆ ನೈತಿಕ ಸಮಿತಿಯ ಅನುಮೋದನೆ ಇರಬೇಕು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ನೀಡಿ ಒಪ್ಪಿಗೆ ಪಡೆಯಬೇಕು. ಕನ್ನಡ ಮಾತ್ರ ಬಲ್ಲವರಿಂದ ಇಂಗ್ಲಿಷ್ ನಮೂನೆಗೆ ಸಹಿ ಅಥವಾ ಹೆಬ್ಬೆಟ್ಟು ಪಡೆಯುವುದು ಸರಿಯಾದ ಒಪ್ಪಿಗೆಯಲ್ಲ. ಸಂಶೋಧನೆಯಿಂದ ಹಾನಿಯಾದಲ್ಲಿ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ ರೋಗಿ ಅರ್ಹರು. ಯಾವ ಹಂತದಲ್ಲಾದರೂ ಹಿಂದೆ ಸರಿಯಬಹುದು, ಹಾಗೆ ಸರಿದವರಿಗೆ ಸಾಮಾನ್ಯ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ನಡೆಯುತ್ತಿರುವ ಪ್ರಯೋಗಗಳ ವಿವರ ಭಾರತೀಯ ಕ್ಲಿನಿಕಲ್ ಟ್ರಯಲ್ಸ್ ನೋಂದಣಿ ಜಾಲತಾಣದಲ್ಲಿ ಸಾರ್ವಜನಿಕವಾಗಿ ಲಭ್ಯವಿದ್ದು, ನೋಂದಣಿ ಸಂಖ್ಯೆಯನ್ನು ಸಂಶೋಧಕರಿಂದ ಕೇಳಿ ಪಡೆಯಬಹುದು.

ಅಂಗಡಿಯಲ್ಲಿ ದೊರೆಯುವ ಔಷಧಗಳು

ಔಷಧ ಅಂಗಡಿಗಳಲ್ಲಿ ಗಿಡಮೂಲಿಕೆ ಎಂಬ ಹೆಸರಿನಲ್ಲಿ ಸಿಗುವ ಹೆಚ್ಚಿನ ಜೆಲ್, ಗಮ್ ಪೇಂಟ್, ಹಲ್ಲುಪುಡಿಗಳು ವಸಡಿನ ಹೊರಗೆ ಹಚ್ಚುವಂತಹವು. ಇವು ನಿಧಾನ ಬಿಡುಗಡೆಯ ಔಷಧಗಳಲ್ಲ, ಪಾಕೆಟ್‌ನ ತಳವನ್ನೂ ತಲುಪುವುದಿಲ್ಲ. ಅರಿಶಿನದ ಪೇಸ್ಟನ್ನು ಕಡ್ಡಿ, ಪಿನ್ನುಗಳಿಂದ ವಸಡಿನೊಳಗೆ ತುರುಕುವುದು, ಲವಂಗದ ಎಣ್ಣೆಯನ್ನು ನೇರವಾಗಿ ವಸಡಿಗೆ ಹಾಕುವುದು ಗಾಯ ಮತ್ತು ಸುಡುವಿಕೆಗೆ ಕಾರಣವಾಗುತ್ತದೆ. ನಶ್ಯ, ಹೊಗೆಸೊಪ್ಪಿನ ಪುಡಿಗಳಿಂದ ಹಲ್ಲುಜ್ಜುವ ಅಭ್ಯಾಸ ಕೆಲವೆಡೆ ಇನ್ನೂ ಇದೆ. ಹಲ್ಲುಪುಡಿ ಮತ್ತು ಟೂತ್‌ಪೇಸ್ಟಿನಲ್ಲಿ ತಂಬಾಕು ಸೇರಿಸುವುದನ್ನು ಕೇಂದ್ರ ಸರ್ಕಾರ 1992ರಲ್ಲಿಯೇ ನಿಷೇಧಿಸಿದೆ. ತಂಬಾಕು ಬಿಡದೆ ಯಾವ ಚಿಪ್ ಇಟ್ಟರೂ ಪೂರ್ಣ ಫಲ ದೊರೆಯದು. ಬಿಡಲು ನೆರವು ಬೇಕಾದವರು ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಶುಲ್ಕವಿಲ್ಲದೆ ಕರೆ ಮಾಡಬಹುದು.

ಆಯುರ್ವೇದ ಔಷಧ ಕೊಳ್ಳುವಾಗ ಪೊಟ್ಟಣದ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ, ಘಟಕಗಳ ಪಟ್ಟಿ ಇವೆಯೇ ಎಂದು ನೋಡಬೇಕು. ಆಯುರ್ವೇದ ಔಷಧಗಳಿಗೂ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮ, 1940 ಅನ್ವಯಿಸುತ್ತದೆ. ಸಸ್ಯದ ಸತ್ವವನ್ನು ಶುದ್ಧೀಕರಿಸಿ, ಕನಿಷ್ಠ ನಾಲ್ಕು ಘಟಕಗಳ ಪ್ರಮಾಣವನ್ನು ನಿಗದಿಪಡಿಸಿ ತಯಾರಿಸುವ ಔಷಧಗಳಿಗೆ 2015ರಲ್ಲಿ ಫೈಟೋಫಾರ್ಮಸ್ಯುಟಿಕಲ್ ಎಂಬ ಪ್ರತ್ಯೇಕ ವರ್ಗವನ್ನು ನಿಯಮಗಳಲ್ಲಿ ಸೇರಿಸಲಾಯಿತು. ಪೊಟ್ಟಣದಿಂದ ಪೊಟ್ಟಣಕ್ಕೆ ಗುಣ ಬದಲಾಗುವ ತೊಂದರೆಗೆ ಪರಿಹಾರ ದೊರೆಯುವುದಾದರೆ ಈ ದಾರಿಯಲ್ಲಿ ಎಂದು ನಿರೀಕ್ಷಿಸಬಹುದು.

ಮಧುಮೇಹಿಗಳಿಗೆ ವಿಶೇಷ ಸೂಚನೆ

ವಸಡು ರೋಗ ಮತ್ತು ಮಧುಮೇಹ ಒಂದನ್ನೊಂದು ಹೆಚ್ಚಿಸುತ್ತವೆ. ವಸಡಿಗೆ ಚಿಕಿತ್ಸೆ ಪಡೆದ ಮಧುಮೇಹಿಗಳಲ್ಲಿ, ಮೂರು ತಿಂಗಳ ಸಕ್ಕರೆ ಮಟ್ಟವನ್ನು ಸೂಚಿಸುವ ಎಚ್‌ಬಿಎ1ಸಿ ಪ್ರಮಾಣವು ಮೂರು ನಾಲ್ಕು ತಿಂಗಳಲ್ಲಿ ಸರಾಸರಿ 0.43 ಶೇಕಡಾಂಶದಷ್ಟು ಇಳಿದಿದೆ ಎಂದು 2022ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆ ತಿಳಿಸಿದೆ. ಈ ಪ್ರಯೋಜನ ಮುಖ್ಯವಾಗಿ ಬೇರು ಸ್ವಚ್ಛತೆಯ ಚಿಕಿತ್ಸೆಗೆ ಸಂಬಂಧಿಸಿದ್ದು. ಮಧುಮೇಹಿಗಳು ವಸಡಿನಲ್ಲಿ ರಕ್ತ ಕಂಡೊಡನೆ, ಹಲ್ಲು ಅಲುಗಾಡುವವರೆಗೆ ಕಾಯದೆ ದಂತ ವಿಭಾಗಕ್ಕೆ ಬರತಕ್ಕದ್ದು. ಔಷಧ ಇಟ್ಟ ನಂತರವೂ ವೈದ್ಯರು ತಿಳಿಸಿದ ದಿನಾಂಕಕ್ಕೆ ಮರುತಪಾಸಣೆಗೆ ಹಾಜರಾಗುವುದು ಎಲ್ಲ ರೋಗಿಗಳಿಗೂ ಅತ್ಯಗತ್ಯ.

ಅಡ್ಡಪರಿಣಾಮ ಕಂಡುಬಂದಲ್ಲಿ

ಯಾವುದೇ ಔಷಧದಿಂದ ತುರಿಕೆ, ಬಾಯಿ ಅಥವಾ ತುಟಿಯ ಊತ, ಉಸಿರಾಟದ ತೊಂದರೆ ಉಂಟಾದಲ್ಲಿ ಕೂಡಲೇ ಸಮೀಪದ ಆಸ್ಪತ್ರೆಗೆ ತೆರಳಬೇಕು. ಅನಂತರ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ರೋಗಿಯೇ ನೇರವಾಗಿ ವರದಿ ಮಾಡಬಹುದು. ವರದಿ ಮಾಡುವಾಗ ಔಷಧದ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಚಿಕಿತ್ಸೆ ಪಡೆದ ದಿನಾಂಕ ಬೇಕಾಗುವುದರಿಂದ ಹೊರರೋಗಿ ಚೀಟಿ ಹಾಗೂ ಔಷಧದ ಪೊಟ್ಟಣವನ್ನು ಚಿಕಿತ್ಸೆ ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.